ಕರೆವ್ವನಿಗೆ ನೂರಕ್ಕೆ ನೂರು

ಬ್ಯಾಡಗಿ ಕೋಲ್ಡ್ ಸ್ಟೋರೇಜಿನ ಐದು ಕಂಪ್ಯೂಟರುಗಳು ನೂರಕ್ಕೆ ಮೂವತ್ನಾಲ್ಕು ಅಂಕ ಪಡೆದು ನಪಾಸಾದ ದಿನ ಮ್ಯಾನೇಜರ್ ಚನ್ನಬಸಪ್ಪ ಕೇಳಿದ ಮೊದಲ ಪ್ರಶ್ನೆ, "ಪೂಜಿಗೆ ಎಷ್ಟ್ ಮಾರ್ಕ್ಸ್ ಇಟ್ಟಾರ?" ಎಂಬುದು.

"ಪೂಜಿಗೆ ಮಾರ್ಕ್ಸ್ ಇಲ್ಲ ಕಾಕಾ," ಅಂದಳು ಕಂಪ್ಯೂಟರ್ ನೋಡಿಕೊಳ್ಳುವ ಭುವನಾ.

"ಯಾಕಿಲ್ಲ? ದಸರಾದಾಗ ಐದಕ್ಕೂ ವಿಭೂತಿ ಹಚ್ಚೇವಿ, ಬೂದಗುಂಬಳಕಾಯಿ ಒಡದೇವಿ. ರಾಣೆಬೆನ್ನೂರಾಗ ಬರೇ ಲಿಂಬಿಹಣ್ಣು ಕೊಯ್ದು ಕೈ ತೊಳಕೊಂಡಾರ. ಅವರಿಗೆ ಅರವತ್ತು, ನಮಗ ಮೂವತ್ನಾಕು. ಇದ್ಯಾವ ನ್ಯಾಯಾತು?"

ನ್ಯಾಯ ಹಾವೇರಿಯದಾಗಿತ್ತು. ಸಾವಕಾರ ಪ್ರಭುಲಿಂಗಪ್ಪನವರ ಹೆಡ್ ಆಫೀಸು ಅಲ್ಲೇ. ರಾಣೆಬೆನ್ನೂರಿನಲ್ಲಿ ಅವರ ಬೀಜದ ಕಾರ್ಖಾನೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜು. ಆ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರ ಸಂಕ್ರಾಂತಿಯ ಹೊತ್ತಿಗೆ, ಅವರ ಮೆಣಸಿನಕಾಯಿಯನ್ನು ಸಗಟಾಗಿ ಕೊಂಡು ಬಣ್ಣ, ಎಣ್ಣೆ ತೆಗೆಯುವ ಕೊಚ್ಚಿಯ ಕಂಪನಿಯೊಂದು ಹೊಸ ತಕರಾರು ತೆಗೆಯಿತು. ನಿಮ್ಮ ಕಾಯಿ ಚೆನ್ನಾಗಿದೆ, ಆದರೆ ನಿಮ್ಮ ಕಂಪ್ಯೂಟರುಗಳು ಹೇಗಿವೆ? ಅವು ನಮ್ಮವಕ್ಕೆ ಜೋಡಿಯಾಗಬೇಕು, ನಿಮ್ಮ ರೋಗ ನಮಗೆ ಹತ್ತಬಾರದು, ಎಲ್ಲ ಸೇರಿ ನೂರಕ್ಕೆ ಎಂಬತ್ತಾದರೂ ತೋರಿಸಿ ಎಂದಿತು.

ಹಾಗಾಗಿ ಮೂರೂ ಊರಿನಲ್ಲಿ ಒಂದು ಪ್ರೋಗ್ರಾಮು ಬಂದು ಕೂತಿತು. ಅದು ದಿನಾ ಮಧ್ಯಾಹ್ನ ಶಾಲೆಯ ಇನ್‌ಸ್ಪೆಕ್ಟರನಂತೆ ಪ್ರತಿ ಕಂಪ್ಯೂಟರಿನ ಒಳಗೆ ಹೊಕ್ಕು, ಬಾಯಿ ತೆರೆಸಿ, ಉಗುರು ನೋಡಿ ಅಂಕ ಹಾಕುತ್ತಿತ್ತು. ಪಾಸ್‌ವರ್ಡಿಗೆ ಎಂಟಕ್ಷರ ಇದೆಯೋ ಇಲ್ಲವೋ, ಅದನ್ನು ತಿಂಗಳಲ್ಲಿ ಬದಲಿಸಿದ್ದಾರೋ ಇಲ್ಲವೋ, ಕೂತವನು ಎದ್ದು ಹೋದರೆ ಪರದೆ ತಾನೇ ಬೀಗ ಹಾಕಿಕೊಳ್ಳುತ್ತದೋ, ವೈರಸ್ ಔಷಧ ತಾಜಾ ಇದೆಯೋ, ಇಸ್ಪೀಟು ಗಿಸ್ಪೀಟು ಇದೆಯೋ, ಎಲ್ಲ ಕೇಳುತ್ತಿತ್ತು. ಕೊನೆಯದೊಂದು ಕಟ್ಟಳೆ ಹಾವೇರಿಯ ಕಂಪ್ಯೂಟರ್ ಮುಖ್ಯಸ್ಥ ವಿಜಯಮಹಾಂತೇಶನ ಸ್ವಂತದ್ದು: ಪ್ರತಿ ಕಂಪ್ಯೂಟರಿಗೆ ಅದರ ಮುಂದೆ ಕೂರುವವರ ಹೆಸರನ್ನೇ ಇಡಬೇಕು. ಬೈಯುವಾಗ ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಎಂದು. ಹೆಸರಿಲ್ಲದಿದ್ದರೆ ಅಂಕ ಕಡಿತ.

ಇದಕ್ಕೆಲ್ಲ ಮೇಲೆ ಸಾವಕಾರರು ತಮ್ಮದೊಂದು ಒಗ್ಗರಣೆ ಹಾಕಿದರು. "ಯುಗಾದಿತನಕಾ ನೋಡ್ತೇನಿ. ಮೂರೂ ಊರಾಗ ಯಾವುದು ಕಡೀಗೆ ಬರತೈತಿ, ಆ ಊರಿನ ಕಂಪ್ಯೂಟರ್ ಕೆಲಸಾನ ಹಾವೇರಿಗೆ ಎಳಕೋತೇನಿ. ಮಾಡೋರೂ ಇಲ್ಲೇ ಬಂದು ನನ್ನ ಕಣ್ಣೆದುರು ಕುಂದ್ರಲಿ."

ಬ್ಯಾಡಗಿಯಲ್ಲಿ ಮಾಡೋರು ಅಂದರೆ ಭುವನಾ ಒಬ್ಬಳೇ.

ಅವಳ ಮಗಳು ಶ್ರೀವಾಣಿ ಒಂದನೇ ಇಯತ್ತೆ. ಶಾಲೆ ಕೋಲ್ಡ್ ಸ್ಟೋರೇಜಿನ ಹಿಂದಿನ ಓಣಿಯಲ್ಲಿ. ಬೆಳಿಗ್ಗೆ ಬಿಟ್ಟು, ನಾಲ್ಕಕ್ಕೆ ಕರೆತಂದು, ಆಫೀಸು ಮುಗಿಯುವ ತನಕ ತನ್ನ ಟೇಬಲ್ಲಿನ ಕೆಳಗೆ ಖಾಲಿ ಚೀಲದ ಮೇಲೆ ಕೂರಿಸಿ ಮಗ್ಗಿ ಬರೆಸುವುದು ಭುವನಾಳ ಏರ್ಪಾಡು. ಗಂಡ ಬಸ್ ಕಂಡಕ್ಟರು. ಅವನ ಡ್ಯೂಟಿ ಒಂದು ದಿನ ಮನೆಯಲ್ಲಿದ್ದರೆ ಎರಡು ದಿನ ಊರೂರು. ಅತ್ತೆ ಇಲ್ಲ, ಅವ್ವ ಇರುವುದು ಗದಗಿನ ಆಚೆ. ಹಾವೇರಿಗೆ ಹೋಗುವುದೆಂದರೆ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಜೋತುಬಿದ್ದು, ಕತ್ತಲಾದ ಮೇಲೆ ತಿರುಗಿ ಬರುವುದು. ಆಗ ಆ ಹುಡುಗಿಗೆ ಜಡೆ ಹಾಕುವವರು ಯಾರು, ನಾಲ್ಕು ಗಂಟೆಗೆ ಗೇಟಿನ ಮುಂದೆ ನಿಲ್ಲುವವರು ಯಾರು ಎಂದು ಯಾವ ಇನ್‌ಸ್ಪೆಕ್ಟರ್ ಪ್ರೋಗ್ರಾಮೂ ಕೇಳಿರಲಿಲ್ಲ.

"ಕಾಕಾ, ನಾ ಹಾವೇರಿಗೆ ಹೋಗಾಕ ಆಗಂಗಿಲ್ಲ," ಅಂದಳು ಭುವನಾ.

"ನೀ ಹ್ವಾದ್ರ ನನ್ನ ಗತಿ ಏನು? ನನಗ ಮೌಸ್ ಹಿಡದ್ರ ಅದು ಓಡಿ ಹೋದಂಗ ಆಗತೈತಿ." ಚನ್ನಬಸಪ್ಪ ಮೂವತ್ತು ವರ್ಷ ಮೆಣಸಿನಕಾಯಿ ಪೇಟೆಯಲ್ಲಿ ಬೆವರು ಸುರಿಸಿ ಮ್ಯಾನೇಜರಾದವನು. ಕಣ್ಣು ಮುಚ್ಚಿ ಕಾಯಿ ಮುರಿದು ಅದು ಸಪೂರ ಕಡ್ಡಿ ಕಾಯಿಯೋ, ಹೆಚ್ಚು ಬೆಲೆಯ ದಪ್ಪ ಡಬ್ಬಿ ಕಾಯಿಯೋ, ಯಾವ ಹೊಲದ್ದೋ ಹೇಳುತ್ತಿದ್ದ. ಕಂಪ್ಯೂಟರಿನ ವಿಷಯದಲ್ಲಿ ಕಣ್ಣು ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ.

ಭುವನಾ ಕೆಲಸಕ್ಕೆ ಕೂತಳು. ಆಫೀಸಿನ ಮೂರು ಕಂಪ್ಯೂಟರುಗಳನ್ನು ಒಂದೇ ವಾರದಲ್ಲಿ ಹದಕ್ಕೆ ತಂದಳು. ಅಕೌಂಟೆಂಟನ ಇಸ್ಪೀಟನ್ನು ಅಳಿಸಿದಾಗ ಅವನು ಎರಡು ದಿನ ಊಟ ಬಿಟ್ಟವನಂತೆ ಓಡಾಡಿದ. ಆ ಮೂರೂ ಎಂಬತ್ತಕ್ಕೆ ಬಂದವು. ನಾಲ್ಕನೆಯದು ಶೀತಲ ಕೋಣೆಯ ಥಂಡಿ ಅಳೆಯುವ ಕಂಪ್ಯೂಟರು. ಅದರ ಕೀಲಿಮಣೆಯ ಸಂದುಗಳಲ್ಲಿ ಖಾರದ ಪುಡಿ ಹೊಕ್ಕು ಅರ್ಧ ಅಕ್ಷರಗಳು ಏಳುತ್ತಿರಲಿಲ್ಲ. ಎದ್ದ ಅಕ್ಷರಗಳಲ್ಲಿ ಎಂಟಕ್ಷರದ ಪಾಸ್‌ವರ್ಡ್ ಕಟ್ಟಲು ಬರುತ್ತಿರಲಿಲ್ಲ. ಎರಡು ಸಲ ಕೀಲಿಮಣೆ ಬದಲಿಸಿದ ಮೇಲೆ ಚನ್ನಬಸಪ್ಪ ಮೂರನೆಯದಕ್ಕೆ ದುಡ್ಡು ಬಿಚ್ಚಲಿಲ್ಲ.

ಐದನೆಯದು ತೂಕದ ಮನೆಯದು. ಅದೊಂದು ಮುದಿ ಯಂತ್ರ. ಲಾರಿ ತೂಗುವ ವೇಬ್ರಿಡ್ಜಿನ ಪ್ರೋಗ್ರಾಮು ಅದರಲ್ಲಿ ಮಾತ್ರ ನಡೆಯುತ್ತಿತ್ತು. ಅದನ್ನು ಬರೆದುಕೊಟ್ಟ ಹುಬ್ಬಳ್ಳಿಯ ಹುಡುಗ ಆಮೇಲೆ ಗಿರಣಿ ಹಾಕಿಕೊಂಡು ಫೋನ್ ನಂಬರ್ ಬದಲಿಸಿದ್ದ. ಅದರ ಮುಂದೆ ಹಮಾಲರ ಮುಖಂಡ ಬುಡನಸಾಬನೂ ಕೂರುತ್ತಿದ್ದ, ಆಂಧ್ರದ ಲಾರಿ ಡ್ರೈವರನೂ ಕೂರುತ್ತಿದ್ದ, ಯಾರೂ ಇಲ್ಲದಾಗ ಬೆಕ್ಕೂ ಕೂರುತ್ತಿತ್ತು. ಭುವನಾ ಅದಕ್ಕೆ ಐದು ನಿಮಿಷದ ಬೀಗ ಹಾಕಿ ನೋಡಿದಳು. ಸೋಮವಾರದ ಪೇಟೆ. ಬುಡನಸಾಬ ಒಂದು ಲಾರಿ ತೂಗಿ, ಎಲೆಅಡಿಕೆ ಉಗುಳಿ ಬರುವಷ್ಟರಲ್ಲಿ ಪರದೆ ಬೀಗ ಹಾಕಿಕೊಂಡಿತ್ತು. ಅವನು ಒಂದೇ ಬೆರಳಿನಿಂದ ಪಾಸ್‌ವರ್ಡ್ ಹುಡುಕಿ ಒತ್ತುವ ಹೊತ್ತಿಗೆ ಲಾರಿಗಳ ಸಾಲು ರಸ್ತೆ ದಾಟಿ ಬಸ್‌ಸ್ಟ್ಯಾಂಡಿನ ಕಡೆ ಬಾಲ ಚಾಚಿತು.

"ಅಕ್ಕಾರ, ಇದನ್ನ ನೀವು ಬಿಚ್ಚತೀರೋ, ನಾ ಎತ್ತಿ ಹೊರಗ ಒಗೀಲೋ?" ಎಂದು ಅವನು ಬಹಳ ಮರ್ಯಾದೆಯಿಂದ ಕೇಳಿದ. ಭುವನಾ ಬೀಗ ಬಿಚ್ಚಿದಳು. ತೂಕದ ಯಂತ್ರಕ್ಕೆ ಹನ್ನೆರಡು ಅಂಕ ಖಾಯಂ ಆಯಿತು.

ಎಲ್ಲ ಸೇರಿ ಐವತ್ನಾಲ್ಕು. ಅಷ್ಟರಲ್ಲಿ ರಾಣೆಬೆನ್ನೂರು ಎಪ್ಪತ್ನಾಲ್ಕಕ್ಕೆ ಏರಿತ್ತು. ಹಾವೇರಿ ಎಂಬತ್ತಾರು.

ವಿಜಯಮಹಾಂತೇಶನಿಗೆ ಫೋನು ಹಚ್ಚಿದರೆ ಅವನದೊಂದು ಭಾಷಣ. "ಮೇಡಂ, ನೀವು ವರ್ಚುವಲ್ ಮಾಡ್ರಿ. ನಿಮಗ ಹೊಸಾ ಸರ್ವರ್ ಕಳಸೇವಲ್ಲ, ಅದರ ಒಳಗ ಒಂದು ಕಂಪ್ಯೂಟರ್ ಮಾಡಿ, ಅದರಾಗ ತೂಕದ ಪ್ರೋಗ್ರಾಂ ಹಾಕ್ರಿ. ಹಳೇದನ್ನ ಗುಜರಿಗೆ ಕೊಡ್ರಿ."

ಫೋನು ಇಟ್ಟ ಮೇಲೆ ಚನ್ನಬಸಪ್ಪ, "ಒಳಗ ಮಾಡೂದು ಅಂದ್ರ?" ಎಂದು ಕೇಳಿದ.

"ಒಂದು ಕಂಪ್ಯೂಟರಿನ ಹೊಟ್ಟ್ಯಾಗ ಇನ್ನೊಂದು ಕಂಪ್ಯೂಟರ್ ಕಾಕಾ. ಕೈಗೆ ಸಿಗಂಗಿಲ್ಲ, ಖರೇ ಅಂದ್ರ ಅದು ಇಲ್ಲ. ಆದ್ರ ಇದ್ದದ್ದರಂಗ ಕೆಲಸಾ ಮಾಡತೈತಿ."

"ಅಂದ್ರ ಸರ್ವರ್ ಬಸುರಿ ಆದಂಗ."

"ಹಂಗ ಅನ್ಕೋರಿ."

"ಎಷ್ಟ್ ಮಕ್ಕಳಿಗೆ ತಡೀತೈತಿ?"

ಈ ಪ್ರಶ್ನೆಯನ್ನು ಆಗ ಭುವನಾ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಸರ್ವರಿನೊಳಗೆ ಬುಡನಸಾಬನ ಹೆಸರಿನಲ್ಲಿ ಒಂದು ಕಂಪ್ಯೂಟರ್ ಮಾಡಿದಳು. ತೂಕದ ಪ್ರೋಗ್ರಾಮನ್ನು ಅದರಲ್ಲಿ ಹಾಕಿದರೆ ಅದು ವೇಬ್ರಿಡ್ಜಿನ ಹಳೇ ವೈರನ್ನು ಕಾಣದೆ ಹಠ ಹಿಡಿದು ಸತ್ತಿತು. ಮರುದಿನ ಅಳಿಸೋಣವೆಂದು ಆ ಖಾಲಿ ಕಂಪ್ಯೂಟರನ್ನು ಹಾಗೇ ಬಿಟ್ಟು ಮಗಳನ್ನು ಕರೆಯಲು ಓಡಿದಳು. ಮರುದಿನ ಮಧ್ಯಾಹ್ನದ ತಪಾಸಣೆ ಬಂದಾಗ ಬ್ಯಾಡಗಿಯ ಅಂಕ ಐವತ್ನಾಲ್ಕರಿಂದ ಅರವತ್ತೆರಡಕ್ಕೆ ಹಾರಿತ್ತು.

ಯಾಕೆಂದರೆ ಆ ಇಲ್ಲದ ಕಂಪ್ಯೂಟರಿಗೆ ನೂರಕ್ಕೆ ನೂರು. ಯಾರೂ ಮುಟ್ಟದ್ದು, ಯಾರೂ ಕೂರದ್ದು, ಖಾರದ ಪುಡಿ ಸೋಕದ್ದು. ಕೆಲಸ ಮಾಡದಿದ್ದರೆ ತಪ್ಪು ಎಲ್ಲಿಂದ ಬರಬೇಕು?

ಚನ್ನಬಸಪ್ಪ ಅಂಕಪಟ್ಟಿಯನ್ನು ಎರಡು ಸಲ ಓದಿಸಿಕೊಂಡ. ಆಮೇಲೆ ಭುವನಾಳನ್ನು ಕಿಟಕಿಯ ಹತ್ತಿರ ಕರೆದ. ಹೊರಗೆ ಅಂಗಳದಲ್ಲಿ ಮೆಣಸಿನಕಾಯಿ ಚೀಲಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು. ಒಂದೊಂದು ಚೀಲದ ಬಾಯಲ್ಲೂ ಸುಕ್ಕುಸುಕ್ಕಾದ, ಕಡುಗೆಂಪಿನ, ಮದುವೆಗೆ ಹೊರಟಂಥ ಕಾಯಿ.

"ತಂಗಿ, ಅಲ್ಲಿ ನೋಡು. ಬಾಯಾಗ ಡಬ್ಬಿ ಐತಿ. ತಳದಾಗ ಏನೈತಿ?"

"ನನಗೇನ್ ಗೊತ್ತು ಕಾಕಾ."

"ಯಾರಿಗೂ ಗೊತ್ತಿಲ್ಲ. ಅದಕ್ಕ ರೇಟ್ ಬರತೈತಿ. ನಿನ್ನ ಸರ್ವರಾಗ ಇನ್ನೊಂದೀಟು ಡಬ್ಬಿ ಕಾಯಿ ಹಾಕು."

ಭುವನಾ ಎರಡು ದಿನ ಒಪ್ಪಲಿಲ್ಲ. ಅದು ಸುಳ್ಳು ಅಂದಳು. ಮೂರನೆಯ ದಿನ ಶ್ರೀವಾಣಿಗೆ ಜ್ವರ ಬಂತು. ಭುವನಾ ಅರ್ಧ ದಿನ ರಜೆ ಹಾಕಿ, ಹುಡುಗಿಯ ಹಣೆಗೆ ಒದ್ದೆ ಬಟ್ಟೆ ಒತ್ತುತ್ತ ಕೂತಾಗ, ಹಾವೇರಿಯ ಆಫೀಸಿನಿಂದ ಹೀಗೆ ಅರ್ಧ ದಿನಕ್ಕೆ ಬರುವುದು ಹೇಗೆಂದು ಲೆಕ್ಕ ಹಾಕಿದಳು. ಬಸ್ಸು ಸಿಕ್ಕು, ಮೋಟೆಬೆನ್ನೂರು ದಾಟಿ ಮನೆ ಮುಟ್ಟುವಷ್ಟರಲ್ಲಿ ಜ್ವರವೇ ಬೇಸತ್ತು ಇಳಿದಿರುತ್ತಿತ್ತು. ಮರುದಿನ ಬಂದವಳೇ ಚನ್ನಬಸಪ್ಪನಿಗೆ, "ಎಷ್ಟ್ ಹಾಕ್ಲಿ ಕಾಕಾ?" ಅಂದಳು.

ಒಂದರ ನಕಲು ತೆಗೆಯುವುದು ಕಷ್ಟವಲ್ಲ. ಕಷ್ಟವಾದದ್ದು ಹೆಸರು. ಪ್ರತಿ ಕಂಪ್ಯೂಟರಿಗೂ ಕೂರುವವರ ಹೆಸರು ಬೇಕಲ್ಲ! ಇಲ್ಲದ ಕುರ್ಚಿಯಲ್ಲಿ ಯಾರನ್ನು ಕೂರಿಸುವುದು? ಭುವನಾ ಕಿಟಕಿಯ ಹೊರಗೆ ನೋಡಿದಳು. ಅಂಗಳದಲ್ಲಿ ಹೆಂಗಸರು ಮುಖಕ್ಕೆ ಸೆರಗು ಸುತ್ತಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಕರೆವ್ವ, ಮುಮ್ತಾಜಬಿ, ಪ್ರೇಮವ್ವ. ಹಮಾಲರು ಚೀಲ ಹೊರುತ್ತಿದ್ದರು. ಹನುಮಪ್ಪ, ಮೊದಲನೆಯದಕ್ಕೆ ಆಗಲೇ ಹೆಸರು ಕೊಟ್ಟಿದ್ದ ಬುಡನಸಾಬ. ಕಣ್ಣಿಗೆ ಬಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕಂಪ್ಯೂಟರಿನ ಮುಂದೆ ಕೂರಿಸಿದಳು. ಇಪ್ಪತ್ತು ಆದಾಗ ಸರ್ವರು ಏದುಸಿರು ಬಿಡತೊಡಗಿತು, ನಿಲ್ಲಿಸಿದಳು.

ಸುಳ್ಳಿನ ಸಂಸಾರ ನಡೆಸುವುದು ಖರೇ ಸಂಸಾರಕ್ಕಿಂತ ಸುಲಭವೇನಲ್ಲ. ಇಪ್ಪತ್ತನ್ನೂ ಒಮ್ಮೆಲೇ ಎಬ್ಬಿಸಿದರೆ ಸರ್ವರು ತಾಳುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಮಗಳನ್ನು ಎಬ್ಬಿಸಿ, ಹಲ್ಲುಜ್ಜಿಸಿ, ಶಾಲೆಗೆ ಬಿಟ್ಟು ಬಂದ ಭುವನಾ ಇಲ್ಲಿ ಈ ಇಪ್ಪತ್ತನ್ನು ನಾಲ್ಕು ನಾಲ್ಕರಂತೆ ಎಬ್ಬಿಸಿ, ವೈರಸ್ ಔಷಧ ಕುಡಿಸಿ, ಮತ್ತೆ ಮಲಗಿಸುತ್ತಿದ್ದಳು. ಮಲಗಿದವಕ್ಕೆ ಮಧ್ಯಾಹ್ನದ ತಪಾಸಣೆ ಎದ್ದಾಗಿನ ಸ್ಥಿತಿಗೇ ಅಂಕ ಹಾಕುತ್ತಿತ್ತು. ಒಂದು ದಿನ ತಪ್ಪಿದರೂ ಅಂಕ ಇಳಿಯುತ್ತಿತ್ತು. ಮುಮ್ತಾಜಬಿ ಎಂಬ ಹೆಸರಿನದು ಮಾತ್ರ ಪ್ರತಿ ಸಲ ಏಳುವಾಗ ರಂಪ ಮಾಡುತ್ತಿತ್ತು. ಖರೇ ಮುಮ್ತಾಜಬಿ ಪಾಪ, ಹೊರಗೆ ತಲೆ ಎತ್ತದೆ ತೊಟ್ಟು ಬಿಡಿಸುತ್ತಿದ್ದಳು.

ಅಂಕ ತೊಂಬತ್ತೊಂದಕ್ಕೆ ಹೋಗಿ ನಿಂತಿತು.

ವಿಜಯಮಹಾಂತೇಶ ಇದನ್ನು ನೋಡಿದನೋ ಇಲ್ಲವೋ? ನೋಡಿದ. ಐದು ಕಂಪ್ಯೂಟರಿನ ಊರಿನಲ್ಲಿ ಇಪ್ಪತ್ತೈದು ಆದದ್ದು ಅವನಿಗೆ ಕಾಣದೆ ಹೋಗಲು ಅವನೇನು ಕುರುಡನಲ್ಲ. ಆದರೆ ಬ್ಯಾಡಗಿ ಏರಿದ್ದರಿಂದ ಇಡೀ ಕಂಪನಿಯ ಎಲ್ಲ ಕಂಪ್ಯೂಟರುಗಳ ಸರಾಸರಿ ಎಂಬತ್ತು ದಾಟಿ ಎಂಬತ್ತಮೂರಕ್ಕೆ ಬಂದಿತ್ತು, ಸಾವಕಾರರು ಅವನ ಬೆನ್ನು ತಟ್ಟಿದ್ದರು. ತಟ್ಟಿಸಿಕೊಂಡ ಬೆನ್ನನ್ನು ಯಾರು ತಾನೇ ಕೆರೆದುಕೊಳ್ಳುತ್ತಾರೆ? ಅವನು ಭುವನಾಗೆ ಫೋನು ಮಾಡಿ, "ಮೇಡಂ, ಚಲೋ ನಡದೈತಿ, ಹಿಂಗ ಮೇಂಟೇನ್ ಮಾಡ್ರಿ," ಅಂದು ಬೇರೇನೂ ಕೇಳದೆ ಇಟ್ಟುಬಿಟ್ಟ.

ಭುವನಾ ನಿರಾಳವಾದಳು. ಯುಗಾದಿಗೆ ಮುಂಚಿನ ವಾರ ಮಗಳಿಗೆ ಹೊಸ ಲಂಗಕ್ಕೆ ಬಟ್ಟೆ ಕೂಡ ತಂದಳು. ಆಗ ಹಾವೇರಿಯಿಂದ ಸುದ್ದಿ ಬಂತು: ಸಾವಕಾರರು ಶುಕ್ರವಾರ ಬ್ಯಾಡಗಿಗೆ ಬರುತ್ತಾರೆ. ಮೊದಲ ನಂಬರಿನ ಊರಿಗೆ ಶಹಬ್ಬಾಸ್ ಹೇಳುವುದಕ್ಕೆ. ಅಂಕಪಟ್ಟಿಯನ್ನು ತಾವೇ ತರಿಸಿಕೊಂಡು ಓದಿದ್ದಾರೆ. ನೂರಕ್ಕೆ ನೂರು ತಗೊಂಡ ಕೆಲಸಗಾರರಲ್ಲಿ ಮೂವರಿಗೆ ಶಾಲು ಹೊದಿಸುತ್ತಾರಂತೆ.

"ಯಾವ ಕೆಲಸಗಾರರು?" ಅಂದ ಚನ್ನಬಸಪ್ಪ.

ಭುವನಾ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಹಾವೇರ್‍ಯಾಗ ಕಂಪ್ಯೂಟರಿನ ಹೆಸರಂದ್ರ ಮನಷ್ಯಾರ ಹೆಸರು ಕಾಕಾ. ಸಾವಕಾರ್ರು ಕರೆವ್ವ, ಹನುಮಪ್ಪ, ಬುಡನಸಾಬ ಅಂತ ಓದಿ, ಇವರೆಲ್ಲಾ ಕಂಪ್ಯೂಟರ್ ಮುಂದ ಕುಂತು ದುಡಿಯೋರು ಅಂತ ತಿಳಕೊಂಡಾರ."

"ತಿಳಕೊಳ್ಳಲಿ ಬಿಡು. ಮನಷ್ಯಾರು ಅದಾರಲ್ಲ! ಇಲ್ಲದವರ ಹೆಸರು ಇಟ್ಟಿದ್ರ ತ್ರಾಸ ಆಗತಿತ್ತು." ಅವನು ಕಿಟಕಿಯಿಂದ ಕೂಗಿದ. "ಏ ಕರೆವ್ವಾ, ಬಾ ಇಲ್ಲಿ. ಕೈ ತೊಳಕೊಂಡು ಬಾ."

ತಾಲೀಮು ಅರ್ಧ ಗಂಟೆ ನಡೆಯಿತು. ಕರೆವ್ವ ಅರವತ್ತು ದಾಟಿದ, ನಾಲ್ಕು ಹಲ್ಲಿನ ಗಟ್ಟಿ ಹೆಂಗಸು. ಶಾಲು ಎಂದ ಕೂಡಲೇ ಒಪ್ಪಿದಳು. "ಸಾವಕಾರ್ರು ಏನಾರ ಕೇಳಿದ್ರ ಏನ್ ಅನ್ಲಿ?"

"ಏನ್ ಕೇಳಿದ್ರೂ, 'ನಾ ಹೇಳಂಗಿಲ್ರಿ' ಅನ್ನು," ಎಂದು ಚನ್ನಬಸಪ್ಪ ಕಲಿಸಿದ.

"ಸಾವಕಾರ್ರಿಗೆ ಹಂಗ ಅಂದ್ರ ಬೈಯಂಗಿಲ್ಲೇನು?"

"ನಿಂಗ ಮಾತು ಬಂದ್ರ ನಮ್ಮನ್ನ ಬೈತಾರ."

ಶುಕ್ರವಾರ ಮಧ್ಯಾಹ್ನ ಸಾವಕಾರರ ಬಿಳಿ ಕಾರು ಬಂತು. ಅವರ ಹಿಂದೆ ವಿಜಯಮಹಾಂತೇಶ ಇಳಿದು, ಅಂಗಳದ ಖಾರ ಮೂಗಿಗೆ ಹೊಡೆದದ್ದೇ ಸಾಲಾಗಿ ಸೀನತೊಡಗಿದ. ಸಾವಕಾರರು ಸೀನಲಿಲ್ಲ. ಅವರೂ ಈ ಪೇಟೆಯಲ್ಲೇ ಚೀಲ ಎಣಿಸಿ ಬೆಳೆದವರು. ಆಫೀಸಿನ ಮುಂದೆ ಪೆಂಡಾಲಿಲ್ಲದಿದ್ದರೂ ಕುರ್ಚಿ, ಹಾರ, ಬಾಳೆಹಣ್ಣು ಇದ್ದವು. ಕೈಕಾಲು ತೊಳೆದ ಕರೆವ್ವ, ಹನುಮಪ್ಪ, ಬುಡನಸಾಬ ಮದುಮಕ್ಕಳಂತೆ ನೆಲ ನೋಡುತ್ತ ನಿಂತಿದ್ದರು. ವಿಜಯಮಹಾಂತೇಶ ಅವರನ್ನು ನೋಡಿದವನೇ ಮುಖ ಮೇಲೆತ್ತಿ ತಗಡಿನ ಸೂರನ್ನು ಪರೀಕ್ಷಿಸತೊಡಗಿದ.

ಸಾವಕಾರರು ಕರೆವ್ವನಿಗೆ ಶಾಲು ಹೊದಿಸಿದರು. "ಏನವಾ, ಈ ವಯಸ್ಸಿನ್ಯಾಗ ಕಂಪ್ಯೂಟರ್ ಕಲತೀದಿ ಅಂದ್ರ! ನನ್ನ ಮಕ್ಕಳಿಗೆ ನಿನ್ನ ತೋರಸಬೇಕು. ಪಾಸ್‌ವರ್ಡ್ ಎಷ್ಟ್ ದಿನಕ್ಕೊಮ್ಮೆ ಬದಲ್ ಮಾಡ್ತಿ?"

"ನಾ ಹೇಳಂಗಿಲ್ರಿ," ಅಂದಳು ಕರೆವ್ವ.

"ಹಾಂ? ನಿನ್ನ ಪಾಸ್‌ವರ್ಡ್ ಆದ್ರೂ ಏನು?"

"ನೀವು ಸಾವಕಾರ್ರಾದ್ರೂ ಅಷ್ಟ, ಯಾರಾದ್ರೂ ಅಷ್ಟರಿ. ನಾ ಹೇಳಂಗಿಲ್ಲ."

ಚನ್ನಬಸಪ್ಪ ಬಾಳೆಹಣ್ಣಿನ ಬುಟ್ಟಿ ಸರಿಮಾಡುವ ನೆಪದಲ್ಲಿ ಬಗ್ಗಿದ. ಆಮೇಲೆ ಸಾವಕಾರರು ತೊಡೆ ತಟ್ಟಿ ನಕ್ಕರು. "ನೋಡೋ ವಿಜಯಾ! ಇದಕ್ಕ ಅಂತಾರ ಸೆಕ್ಯುರಿಟಿ! ನಿಮ್ಮ ಹಾವೇರಿ ಆಫೀಸಿನ್ಯಾಗ ಕೇಳಿದ್ರ ಪಾಸ್‌ವರ್ಡ್ ಅಷ್ಟ ಅಲ್ಲ, ಮನಿ ಕೀಲಿನೂ ಕೊಡತಾರ."

ಕರೆವ್ವ ಸಂತೋಷದಿಂದ ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು. ಹನುಮಪ್ಪನಿಗೂ ಬುಡನಸಾಬನಿಗೂ ಶಾಲು ಬಿದ್ದವು. ಬುಡನಸಾಬ ಬಗ್ಗಿ ಭುವನಾಳ ಕಿವಿಯಲ್ಲಿ, "ಅಕ್ಕಾರ, ಬೀಗಾ ಬಿಚ್ಚಿದ್ದಕ್ಕ ಇಷ್ಟ್ ಮರ್ಯಾದಿ ಐತಿ ಅಂತ ಗೊತ್ತಿರಲಿಲ್ಲ," ಅಂದ. ಭುವನಾಳಿಗೆ ನಗುವೂ ಬಂತು, ಇನ್ನು ಗೆದ್ದೆವು ಎಂಬ ಧೈರ್ಯವೂ ಬಂತು. ಆಗ ಸಾವಕಾರರು ಅವಳ ಕಡೆ ತಿರುಗಿದರು.

"ನೀನಲ್ಲೇನವಾ ಭುವನಾ? ಮೂವತ್ನಾಕು ಇದ್ದದ್ದನ್ನ ತೊಂಬತ್ತೊಂದಕ್ಕ ಒಯ್ದೀದಿ. ಇಂಥಾಕಿನ್ನ ಈ ಖಾರದಾಗ ಕೊಳಸಬಾರದು. ಸೋಮವಾರದಿಂದ ನೀ ಹಾವೇರಿಗೆ ಬಾ. ಮೂರೂ ಊರು ನೀನ ನೋಡ್ಕೋ. ಪಗಾರಾನೂ ಹೆಚ್ಚ ಮಾಡ್ತೇನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕರೆವ್ವ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಭುವನಾ ನಿಂತಲ್ಲೇ ನಿಂತಳು. ಕೊನೆಗೆ ಬಂದರೆ ಹಾವೇರಿ, ಮೊದಲು ಬಂದರೂ ಹಾವೇರಿ. ನಡುವಿನ ನಂಬರು ಬಂದವರಿಗೆ ಮಾತ್ರ ಈ ಕಂಪನಿಯಲ್ಲಿ ಮನೆಯಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಿಟಕಿಯೊಳಗೆ ಆಫೀಸಿನ ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಇನ್ನರ್ಧ ಗಂಟೆಗೆ ಶಾಲೆ ಬಿಡುತ್ತದೆ. ಸೋಮವಾರ ಈ ಹೊತ್ತಿಗೆ ಆ ಗೇಟಿನ ಮುಂದೆ ಯಾರೂ ಇರುವುದಿಲ್ಲ.

"ಸಾವಕಾರ್ರ," ಅಂದಳು. ದನಿ ಅವಳಿಗೇ ದೊಡ್ಡದೆನಿಸಿತು. "ನೀವು ಚೀಲದ ಬಾಯಾಗಿನ ಕಾಯಿ ನೋಡಿ ರೇಟ್ ಹಚ್ಚೀರಿ. ತಳಕ್ಕ ಕೈ ಹಾಕಿಲ್ಲ."

ಚನ್ನಬಸಪ್ಪ ಬಾಳೆಹಣ್ಣಿನ ಬುಟ್ಟಿಯ ಮೇಲೆ ಕೂತೇಬಿಟ್ಟ.

ಚಪ್ಪಾಳೆ ನಿಂತಿತು. ಪೇಟೆಯಲ್ಲಿ ಬೆಳೆದವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸಾವಕಾರರು ಎದ್ದು ಒಳಗೆ ನಡೆದರು. ಭುವನಾ, ಚನ್ನಬಸಪ್ಪ, ವಿಜಯಮಹಾಂತೇಶ ಹಿಂದೆ ಹೋದರು. ಒಳಗೆ ಅವರು ಒಂದು, ಎರಡು, ಮೂರು ಎಂದು ಕಂಪ್ಯೂಟರುಗಳನ್ನು ಬೆರಳು ಮಾಡಿ ಎಣಿಸಿದರು. ಐದಕ್ಕೆ ಮುಗಿಯಿತು.

"ಇನ್ನಿಪ್ಪತ್ತು ಎಲ್ಲೆದಾವು?"

ಭುವನಾ ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಸರ್ವರನ್ನು ತೋರಿಸಿದಳು. "ಅದರ ಹೊಟ್ಟ್ಯಾಗ ಅದಾವ್ರಿ. ಅವು ಇಲ್ಲರಿ. ಯಾರೂ ಅದರ ಮುಂದ ಕುಂದ್ರಂಗಿಲ್ಲ. ಅದಕ್ಕ ನೂರಕ್ಕ ನೂರು. ಖರೇ ಐದರದು ಐವತ್ನಾಕು."

"ಯಾರ ತಲಿ ಇದು?"

"ತಲಿ ನಂದ್ರಿ," ಅಂದ ಚನ್ನಬಸಪ್ಪ. "ಕೈ ಮಾತ್ರ ಆಕಿದು. ಮಗೀನ್ನ ಬಿಟ್ಟು ಹಾವೇರಿಗೆ ಹೋಗಾಕ ಆಗಂಗಿಲ್ಲ ಅಂತ ಅಳಾಕತ್ತಿದ್ದಳ್ರಿ."

"ನಾ ಅತ್ತಿಲ್ಲ ಕಾಕಾ."

"ಅಳೋ ಹಂಗ ಇದ್ದಿ."

ಸಾವಕಾರರು ವಿಜಯಮಹಾಂತೇಶನ ಕಡೆ ನೋಡಿದರು. "ನಿಂಗ ಗೊತ್ತಿತ್ತೇನು?"

"ಸರ್, ಸಿಸ್ಟಮ್ ಪ್ರಕಾರ ಅವೂ ಕಂಪ್ಯೂಟರ್ ಸರ್. ಟೆಕ್ನಿಕಲಿ..." ಒಂದು ಸೀನು ಬಂದು ಅವನನ್ನು ಕಾಪಾಡಿತು.

"ಗೊತ್ತಿತ್ತು," ಎಂದು ಸಾವಕಾರರೇ ಉತ್ತರ ಕೊಟ್ಟುಕೊಂಡರು. ಕುರ್ಚಿ ಎಳೆದುಕೊಂಡು ಕೂತರು. ಸಿಟ್ಟಿನಿಂದ ಅವರ ಕಿವಿ ಬ್ಯಾಡಗಿ ಕಾಯಿಯ ಬಣ್ಣಕ್ಕೆ ಬಂದಿತ್ತು. "ನನಗ ಶಾಲು ಹೊಚ್ಚಾಕ ಹಚ್ಚಿದ್ರಲ್ಲೋ! ಇವನ್ನೆಲ್ಲಾ ಈಗಿಂದೀಗ ಅಳಸ್ರಿ. ಐವತ್ನಾಕು ಅಂದ್ರ ಐವತ್ನಾಕು. ಕಡೀಗೆ ಬಂದ್ರಿ. ನಾ ಹೇಳಿದ್ದೇನು? ಕಡೀಗೆ ಬಂದವರು ಹಾವೇರಿಗೆ."

"ಅಳಸ್ತೇನ್ರಿ," ಅಂದಳು ಭುವನಾ. ಅವಳಿಗೆ ಈಗ ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. ದಿನಾ ಬೆಳಿಗ್ಗೆ ಇಪ್ಪತ್ತೊಂದು ಮಂದಿಯನ್ನು ಎಬ್ಬಿಸಿ ಎಬ್ಬಿಸಿ ಅವಳಿಗೆ ಸಾಕಾಗಿತ್ತು. "ಅಳಸಿದ್ರ ಇಡೀ ಕಂಪನಿದು ಎಷ್ಟಾಗತೈತಿ ಅಂತ ವಿಜಯ ಸರ್‌ನ್ನ ಒಂದ್ ಮಾತು ಕೇಳ್ರಿ."

ವಿಜಯಮಹಾಂತೇಶ ಮೂಗೊರೆಸಿಕೊಂಡು ಸಣ್ಣ ದನಿಯಲ್ಲಿ, "ಎಪ್ಪತ್ತೇಳು ಸರ್," ಅಂದ.

ಕೊಚ್ಚಿಯವರು ಎಂಬತ್ತು ಕೇಳಿದ್ದರು. ಮುಂದಿನ ವಾರ ಅವರ ಜನ ಬರುವವರಿದ್ದರು. ಸಾವಕಾರರು ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು. ಅವರು ಮುಖ ಒರೆಸಿಕೊಂಡು ಮುಗಿಸುವಷ್ಟರಲ್ಲಿ ಸಾವಕಾರ ಹೋಗಿ ಪೇಟೆಯ ಪ್ರಭುಲಿಂಗಪ್ಪ ಕುರ್ಚಿಯಲ್ಲಿ ಕೂತಿದ್ದ.

"ವಿಜಯಾ," ಅಂದರು ಮೆಲ್ಲಗೆ. "ಆ ಕೊಚ್ಚಿ ಮಂದಿ ತಳಕ್ಕ ಕೈ ಹಾಕತಾರೇನು?"

"ಇಲ್ಲ ಸರ್. ಬರೇ ಟೋಟಲ್ ನೋಡತಾರ."

"ಹಂಗಾರ ಯಾಕ ಗಡಿಬಿಡಿ." ಅವರು ಭುವನಾಳ ಕಡೆ ತಿರುಗಿದರು. "ಏ ಹುಡುಗಿ, ಇವು ತಮ್ಮಷ್ಟಕ್ಕ ತಾವ ನೂರು ತಗೋತಾವೇನು?"

"ಎಲ್ಲಿ ತಗೋತಾವ್ರಿ! ದಿನಾ ಮುಂಜಾನೆ ನಾಕ್ನಾಕು ಎಬ್ಬಸಿ ಔಷಧಾ ಹಾಕಬೇಕು. ಒಂದಿನಾ ತಪ್ಪಿದ್ರ ಎಲ್ಲಾ ಫೇಲು."

"ಹಾವೇರಿಯಿಂದ ಎಬ್ಬಸಾಕ ಬರಂಗಿಲ್ಲ?"

"ಬರತೈತಿ ಸರ್, ರಿಮೋಟ್..." ಎಂದು ವಿಜಯಮಹಾಂತೇಶ ಶುರು ಮಾಡಿದ.

"ಬ್ಯಾಡಗಿ ಲೈನ್ ಒಂದು ತಾಸು ಇರತೈತಿ, ಎರಡು ತಾಸು ಸಾಯತೈತ್ರಿ," ಅಂದಳು ಭುವನಾ. "ನೀವ ಫೋನ್ ಮಾಡುಮುಂದ ನೋಡೀರಲ್ಲ. ಇಲ್ಲೇ ಕುಂತು ಮಾಡಬೇಕು."

ಸಾವಕಾರರು ಅವಳ ಮುಖವನ್ನು, ಪೇಟೆಯಲ್ಲಿ ಕಾಯಿ ಮುರಿದು ನೋಡುವ ಹಾಗೆ, ಬಹಳ ಹೊತ್ತು ನೋಡಿದರು. ಹುಡುಗಿ ಸುಳ್ಳು ಹೇಳುತ್ತಿಲ್ಲ. ಆದರೆ ಖರೇ ಹೇಳುವುದರಲ್ಲಿ ಅವಳಿಗೂ ಲಾಭವಿದೆ. ಅಂಥ ಖರೇ ಮಾತಿನ ಬೆಲೆ ಅವರಿಗೆ ಗೊತ್ತಿತ್ತು.

"ಕೇಳು. ಒಂದು ಖರೇ ಕಂಪ್ಯೂಟರ್ ಎಂಬತ್ತಕ್ಕ ಬಂತಂದ್ರ, ಹತ್ತು ಸುಳ್ಳು ತಗೀಬೇಕು. ಥಂಡಿ ಕೋಣಿದು, ತೂಕದ ಮನಿದು ಎರಡ ಉಳದಾವಲ್ಲ? ಎರಡೂ ಪಾಸಾಗೂ ತನಕಾ ನೀ ಈ ಊರು ಬಿಟ್ಟು ಹಾಯಂಗಿಲ್ಲ. ಹೆಚ್ಚಿನ ಪಗಾರಾ ಇಲ್ಲ. ಹಾವೇರಿ ಇಲ್ಲ. ಇಲ್ಲೇ ಈ ಖಾರದಾಗ ಬಿದ್ದಿರು. ಇದ ನಿಂಗ ಶಿಕ್ಷಾ."

"ಹೂನ್ರಿ," ಎಂದು ಭುವನಾ ತಲೆ ತಗ್ಗಿಸಿದಳು. ಮುಖ ಕಾಣದಿರಲೆಂದು ಸ್ವಲ್ಪ ಹೆಚ್ಚೇ ತಗ್ಗಿಸಿದಳು.

"ಮತ್ತ ನಿಂಗ," ಎಂದು ಚನ್ನಬಸಪ್ಪನ ಕಡೆ ಬೆರಳು ಹೋಯಿತು, "ಆ ಥಂಡಿ ಕೋಣಿ ಕಂಪ್ಯೂಟರಿಗೆ ಹೊಸಾ ಕೀಲಿಮಣಿ ನಿನ್ನ ಪಗಾರದಾಗ."

"ತರತೇನ್ರಿ. ತೂಕದ ಮನಿಗೆ?"

"ಅದರ ಪ್ರೋಗ್ರಾಂ ಬರದವನ್ನ ಹುಡುಕಬೇಕು."

"ಹುಬ್ಬಳ್ಳ್ಯಾಗ ಗಿರಣಿ ಹಾಕ್ಯಾನಂತ್ರಿ. ಯಾವ ಓಣಿ ಗೊತ್ತಿಲ್ಲ."

"ಹುಡುಕ್ರಿ ಸಾವಕಾಶ," ಅಂದರು ಸಾವಕಾರರು, ಎದ್ದು ಹೊರಡುತ್ತ. ಕಾರು ಹತ್ತುವಾಗ ಕರೆವ್ವ ಶಾಲು ಹೊದ್ದುಕೊಂಡೇ ತೊಟ್ಟು ಬಿಡಿಸಲು ಕೂತಿದ್ದನ್ನು ನೋಡಿದರು. ಶಾಲು ಇರಲಿ ಎಂಬಂತೆ ಕೈ ಬೀಸಿ ಬಾಗಿಲು ಹಾಕಿಕೊಂಡರು.

ಕಾರಿನ ಧೂಳು ಇಳಿಯುವ ಮುಂಚೆಯೇ ಚನ್ನಬಸಪ್ಪ ಒಂದು ಬಾಳೆಹಣ್ಣು ಸುಲಿದು, ಅರ್ಧ ಮುರಿದು ಭುವನಾಗೆ ಕೊಟ್ಟ. "ಶಿಕ್ಷಾ ಆತಲ್ಲ, ತಿನ್ನು."

"ಶ್ರೀವಾಣಿಗೆ ಒಯ್ತೇನಿ," ಎಂದು ಅವಳು ಬುಟ್ಟಿಯಿಂದ ಇನ್ನೊಂದು ಇಡೀ ಹಣ್ಣನ್ನೇ ತೆಗೆದುಕೊಂಡಳು.

ಹಿಂದಿನ ಓಣಿಗೆ ಬಂದಾಗ ಶಾಲೆಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಅವಳು ಗೇಟಿನ ಪಕ್ಕದ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು, ಕಾಲು ಇಳಿಬಿಟ್ಟು ಕೂತಳು. ಒಳಗೆ ಯಾವುದೋ ಇಯತ್ತೆಯವರು ಒಂದೇ ರಾಗದಲ್ಲಿ ಏಳರ ಮಗ್ಗಿ ಹೇಳುತ್ತಿದ್ದರು. ನಡುವೆ ಒಂದು ಗುಂಪು ಒಂದು ಸಾಲು ಹಿಂದೆ ಬಿದ್ದಿತ್ತು. ಯಾರೂ ಅವರನ್ನು ತಡೆಯಲಿಲ್ಲ. ಭುವನಾ ಕಣ್ಣು ಮುಚ್ಚಿ, ಗಂಟೆ ಹೊಡೆಯುವ ತನಕ ಗೋಡೆಗೆ ತಲೆ ಆನಿಸಿದಳು.